ತಾಯಿಯೊಡನೆ ಅರಮನೆಗೆ



ಬೇಸಗೆಯಲ್ಲಿ ಬಾವಿಯ ನೀರನ್ನು ಕಾಪಾಡಿಕೊಳ್ಳುವ ಕ್ರಮವನ್ನು ಕುರಿತು ಈ ತಿಂಗಳು ಬರೆಯುವೆವೆಂದು ಹಿಂದಿನ ಸಂಚಿಕೆಯಲ್ಲಿ ಮಾತುಕೊಟ್ಟಿದ್ದೆವು. ಆ ವಿಷಯವನ್ನು ಮುಂದಿನ ತಿಂಗಳಿಗೆ ಉಳಿಸಿಕೊಂಡು, ಈ ಸಲ ನಮ್ಮ ಮನೆಯಲ್ಲಿ ನಡೆದ ಒಂದು ಚಿಕ್ಕ ಪ್ರಯಾಣದ ವೃತ್ತಾಂತವನ್ನು ಅರಿಕೆಮಾಡುವೆವು. ಇದರಲ್ಲಿ ನಮ್ಮ ಹೆಚ್ಚುಗಾರಿಕೆಯೇನೂ ಇಲ್ಲ; ಲೋಪವೇ ಹೆಚ್ಚಾಗಿದೆ. ಆದರೂ ಇಂತಹ ಲೋಪವು ನಮ್ಮೊಬ್ಬರದೇ ಆಗಿರಲಾರದೆಂಬ ನಂಬಿಕೆಯಿಂದ ಬರೆಯುತ್ತಿರುವೆವು.

ನಾವು ಸಂಸ್ಕೃತವನ್ನು ಓದಿ, ಮೂವತ್ತೈದು ವರ್ಷಕಾಲ ಉಪಾಧ್ಯಾಯ ವೃತ್ತಿಯಲ್ಲಿದ್ದು, ಈಗ ಮಲ್ಲಂದೂರಿನ ನಮ್ಮ ಹಳೆಯ ಮನೆಯಲ್ಲಿ ವಿಶ್ರಾಂತಿಯಿಂದ ಇರುವವರು. ಸೇವೆಯ ಕಾಲದಲ್ಲಿ ವಿದ್ಯಾರ್ಥಿಗಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗುವ ಹೊಣೆಯು ಬಹುಮಟ್ಟಿಗೆ ನಮ್ಮ ಮೇಲೆಯೇ ಬೀಳುತ್ತಿದ್ದಿತು. ಮೈಸೂರಿನ ಅರಮನೆಯನ್ನು ನಾವು ಹದಿನೆಂಟು ಬಾರಿ ನೋಡಿರುವೆವು. ಅದರ ಉದ್ದವೆಷ್ಟು, ಅಗಲವೆಷ್ಟು, ಗೋಪುರದ ಎತ್ತರವೆಷ್ಟು ಎಂಬುದೆಲ್ಲವೂ ನಮಗೆ ಕಂಠಪಾಠ. ಪ್ರತಿ ಪ್ರವಾಸದ ಹಿಂದಿನ ರಾತ್ರಿಯೂ ನಮ್ಮ ತಾಯಿಯವರು ಒಲೆಯ ಮುಂದೆ ಕುಳಿತು ಮಕ್ಕಳಿಗೆಲ್ಲ ಸಾಲುವಷ್ಟು ಪುಳಿಯೋಗರೆಯನ್ನು ಕಲಸಿ, ಬಾಳೆಯೆಲೆಯಲ್ಲಿ ಬುತ್ತಿ ಕಟ್ಟಿಕೊಡುತ್ತಿದ್ದರು. ಬೆಳಗಿನ ನಾಲ್ಕು ಘಂಟೆಗೆ ಲಾಂದ್ರವನ್ನು ಹಿಡಿದು ರಸ್ತೆಯವರೆಗೆ ಬಂದು ನಮ್ಮನ್ನು ಕಳುಹಿಸಿಕೊಡುತ್ತಿದ್ದರು. ಈ ಹದಿನೆಂಟು ಬಾರಿಯಲ್ಲಿ ಒಂದು ಬಾರಿಯಾದರೂ 'ನೀವೂ ಬರುವಿರಾ' ಎಂದು ನಾವು ಕೇಳಲಿಲ್ಲ.

ಈ ಸಂಗತಿ ನಮಗೆ ತಾನಾಗಿ ಹೊಳೆಯಲೂ ಇಲ್ಲ. ಕಳೆದ ಕಾಫಿ ಕೊಯ್ಲಿನ ದಿನಗಳಲ್ಲಿ ಒಂದು ಸಂಜೆ ನಮ್ಮ ಮಗಳು ಅಜ್ಜಿಯ ಬಳಿಯಲ್ಲಿ ಕುಳಿತು, "ಅಜ್ಜಿ, ನೀವು ನೋಡಬೇಕೆಂದಿದ್ದು ನೋಡದೆ ಉಳಿದಿರುವುದು ಯಾವುದು?" ಎಂದು ವಿನೋದಕ್ಕಾಗಿ ಕೇಳಿದಳು. ತಾಯಿಯವರು ಹಪ್ಪಳದ ಹಿಟ್ಟಿನಿಂದ ಕೈ ತೆಗೆಯದೆಯೇ ಹೇಳಿದರು: "ಅರಮನೆ. ನಾ ಕಟ್ಟಿದ ಬುತ್ತಿ ಹದಿನೆಂಟು ಸಲ ಅದನ್ನು ನೋಡಿ ಬಂದಿದೆ. ನಾನು ಮಾತ್ರ ನೋಡಿಲ್ಲ."

ಆ ಮಾತಿನಲ್ಲಿ ಆಕ್ಷೇಪಣೆಯ ಲೇಶವೂ ಇರಲಿಲ್ಲ. ಆದುದರಿಂದಲೇ ಅದು ನಮ್ಮನ್ನು ಹೆಚ್ಚಾಗಿ ನೋಯಿಸಿತು. ಓದು ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಆಚಾರ್ಯನು ಹೇಳುವ ಬುದ್ಧಿವಾದವೊಂದು ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯಲ್ಲಿದೆಯಷ್ಟೆ. ದೇವರಂತೆ ಕಾಣಬೇಕಾದವರನ್ನು ಎಣಿಸುವಾಗ ಅಲ್ಲಿ ತಾಯಿ ಮೊದಲನೆಯವಳು, ಆಚಾರ್ಯನು ಮೂರನೆಯವನು. ಇದನ್ನು ವರ್ಷ ವರ್ಷವೂ ಪಾಠಹೇಳಿದ ನಾವು ಮೂರನೆಯವನಿಗೆ ಸಲ್ಲಬೇಕಾದ ಮರ್ಯಾದೆಯನ್ನು ಮಾತ್ರ ತಪ್ಪದೆ ಪಡೆದುಕೊಂಡೆವು.

ಕೊಯ್ಲು ಮುಗಿದು, ತೋಟಗಳೆಲ್ಲ ಹೂಮಳೆಯನ್ನು ಎದುರುನೋಡುತ್ತಿದ್ದ ಸಮಯದಲ್ಲಿ ಒಂದು ಶನಿವಾರ ಹೊರಟೆವು. ತಾಯಿಯವರಿಗೆ ಈಗ ಎಂಭತ್ತೈದು ವರ್ಷ. ಚಿಕ್ಕಮಗಳೂರು, ಬೇಲೂರು, ಹಾಸನ, ಹೊಳೆನರಸೀಪುರ, ಕೃಷ್ಣರಾಜನಗರಗಳ ಮಾರ್ಗವಾಗಿ, ಎರಡು ಕಡೆ ಇಳಿದು ಕೈಕಾಲು ಸಡಲಿಸಿಕೊಂಡು, ಸಂಜೆಗೆ ಮೈಸೂರಿನ ಬಂಧುಗಳ ಮನೆಯನ್ನು ಸೇರಿದೆವು. ದಾರಿಯಲ್ಲಿ ತಾಯಿಯವರು ತಮ್ಮ ತಂದೆಯ ಕಥೆಯನ್ನು ಹೇಳಿದರು. ನಮ್ಮ ಜಿಲ್ಲೆಗೆ ಕಡೂರು ಜಿಲ್ಲೆಯೆಂದು ಹೆಸರಿದ್ದ ಕಾಲದಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರವರ ದಸರೆಯನ್ನು ನೋಡಬೇಕೆಂದು ನಮ್ಮ ಅಜ್ಜನು ಕಡೂರಿನವರೆಗೆ ಹೋಗಿ, ರೈಲು ಹಿಡಿದು, ಅರಸೀಕೆರೆಯಲ್ಲಿ ಗಾಡಿ ಬದಲಾಯಿಸಿ ಮೈಸೂರಿಗೆ ಬಂದಿದ್ದನಂತೆ. ಚಿಕ್ಕಮಗಳೂರಿಗೇ ರೈಲು ಬಂದುದು 2013ರಲ್ಲಿ. ನಾಲ್ವಡಿಯವರು ಕಾಲವಾದುದು 1940ರ ಆಗಸ್ಟ್ ತಿಂಗಳಿನಲ್ಲಿ. ತಾಯಿಯವರು ಹುಟ್ಟಿದುದೂ ಅದೇ ವರ್ಷ. "ದೊರೆ ಹೋದ ವರ್ಷ ಬಂದವಳು" ಎಂದು ಅಜ್ಜನು ಮಗಳನ್ನು ಹಾಸ್ಯಮಾಡುತ್ತ, ತಾನು ಕಂಡ ಅಂಬಾರಿಯನ್ನು ವರ್ಣಿಸುತ್ತಿದ್ದನಂತೆ. ಈ ಆಸೆಯು ಎಂಭತ್ತು ವರ್ಷದಷ್ಟು ಹಳೆಯದೆಂಬುದು ನಮಗೆ ತಿಳಿದುದು ಆ ದಿನ, ಹೊಳೆನರಸೀಪುರದ ದಾರಿಯಲ್ಲಿ.

ಭಾನುವಾರ ಬೆಳಗ್ಗೆ ಹತ್ತು ಘಂಟೆಗೆ ಬಾಗಿಲು ತೆರೆಯುವ ಹೊತ್ತಿಗೆ ದಕ್ಷಿಣದ ವರಾಹದ್ವಾರದ ಬಳಿ ಇದ್ದೆವು. ತಾಯಿಯವರು ಮೊದಲು ಕೋಟೆಯೊಳಗಿರುವ ಶ್ವೇತವರಾಹಸ್ವಾಮಿಯ ದರ್ಶನವನ್ನು ಮಾಡಿಕೊಂಡು, "ಇನ್ನು ಅರಮನೆ ಕಾಣದಿದ್ದರೂ ಬಂದದ್ದು ಸಾರ್ಥಕ" ಎಂದರು. ಅರಮನೆಯೊಳಕ್ಕೆ ಪಾದರಕ್ಷೆಗಳನ್ನು ಹಾಕಿಕೊಂಡು ಹೋಗುವಂತಿಲ್ಲ. ಹುಟ್ಟಿದ ಮೇಲೆ ಕಾಲುಚೀಲವನ್ನೇ ಕಾಣದ ಅಜ್ಜಿಗೆ ಮೊಮ್ಮಗಳು ದಪ್ಪನೆಯ ಕಾಲುಚೀಲವನ್ನು ತೊಡಿಸಿದಳು. ಅದನ್ನು ನೋಡಿಕೊಂಡು ಅವರು ಎಳೆಯ ಹುಡುಗಿಯಂತೆ ನಕ್ಕುಬಿಟ್ಟರು.

ಒಳಹೊಕ್ಕೊಡನೆಯೆ ಬೊಂಬೆತೊಟ್ಟಿ. ಅದರ ಎದುರಿಗೆ ಆನೆಯ ಬಾಗಿಲು. ನಾವು ಅಭ್ಯಾಸಬಲದಿಂದ ಕಂಠವನ್ನು ಸರಿಪಡಿಸಿಕೊಂಡು ಪಾಠವನ್ನು ಆರಂಭಿಸಿದೆವು: ಚಿನ್ನದ ಅಂಬಾರಿಯು ಒಳಗೆ ಮರದ್ದು, ಮೇಲೆ ಹೊದಿಸಿರುವುದು ಸುಮಾರು 80 ಕಿಲೋಗ್ರಾಂ ಚಿನ್ನದ ತಗಡು, 1971ರಲ್ಲಿ ರಾಜಧನವು ರದ್ದಾದ ತರುವಾಯ ಈಗ ದಸರಾ ಮೆರವಣಿಗೆಯಲ್ಲಿ ಇದರ ಮೇಲೆ ಬಿಜಯಮಾಡುವವಳು ಚಾಮುಂಡೇಶ್ವರಿ, ಇತ್ಯಾದಿ. ಹೀಗೆ ಎರಡು ನಿಮಿಷ ಹೇಳಿ ತಿರುಗಿ ನೋಡಿದರೆ ತಾಯಿಯವರು ಅಂಬಾರಿಯ ಕಡೆ ನೋಡುತ್ತಿರಲಿಲ್ಲ. ಬೊಂಬೆಗಳನ್ನು ನೋಡುತ್ತಿದ್ದರು. "ನಮ್ಮ ಪಟ್ಟದ ಬೊಂಬೆಯ ಹಾಗೆಯೇ ಇವೆ. ಇವನ್ನು ಪ್ರತಿ ವರ್ಷ ಒರಸಿ ಜೋಡಿಸಿದವರು ಯಾರೋ!" ಎಂದರು. ನಮ್ಮ ಪಾಠದಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ.

ಅಲ್ಲಿಂದ ಕಲ್ಯಾಣಮಂಟಪಕ್ಕೆ ಹೋದೆವು. ನೋಡಿದವರಿಗೆ ಅದರ ಸೊಬಗನ್ನು ಬೇರೆ ಹೇಳಬೇಕಾದುದಿಲ್ಲ. ಎಂಟು ಮೂಲೆಯ ಮಂಟಪ. ಗ್ಲಾಸ್ಗೋ ನಗರದಲ್ಲಿ ಎರಕಹೊಯ್ದ ಕಬ್ಬಿಣದ ಕಂಬಗಳು. ಮೇಲೆ ನವಿಲುಗಳನ್ನು ಚಿತ್ರಿಸಿದ ಬಣ್ಣದ ಗಾಜಿನ ಮಾಡು. ಸುತ್ತಲೂ ಅಂತಃಪುರದ ಸ್ತ್ರೀಯರು ಕುಳಿತು ನೋಡುತ್ತಿದ್ದ ಉಪ್ಪರಿಗೆಯ ಮೊಗಸಾಲೆ. ತಾಯಿಯವರು ಬಹಳ ಹೊತ್ತು ತಲೆಯೆತ್ತಿ ನೋಡಿ, ಗೋಡೆಗೆ ಒರಗಿ ನಿಂತುಕೊಂಡು, "ಇದನ್ನು ಕಟ್ಟಿಸಿದವರು ಯಾರು?" ಎಂದು ಕೇಳಿದರು.

"ಹೆನ್ರಿ ಇರ್ವಿನ್ ಎಂಬವನು. ಸಿಮ್ಲಾದ ವೈಸರಾಯರ ಭವನವನ್ನು ರಚಿಸಿದವನೂ ಅವನೇ" ಎಂದೆವು.

"ಅವನು ನಕ್ಷೆ ಬರೆದವನು. ಕಟ್ಟಿಸಿದವರು ಯಾರು?"

ಆಗ ನಾವು ಹೇಳಿದ ಚರಿತ್ರೆ ಇದು. ಚಾಮರಾಜ ಒಡೆಯರವರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಗೆ ಹೋಗಿದ್ದಾಗ ಗಂಟಲಮಾರಿ ರೋಗದಿಂದ ಅಲ್ಲಿಯೇ ತೀರಿಕೊಂಡರು. ಅವರಿಗೆ ಆಗ ಮೂವತ್ತೊಂದು ವರ್ಷ. ಮಹಾರಾಣಿ ಕೆಂಪನಂಜಮ್ಮಣ್ಣಿಯವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಪಟ್ಟಕ್ಕೆ ಬರಬೇಕಾದ ಮಗ ಕೃಷ್ಣರಾಜನಿಗೆ ಹತ್ತು ವರ್ಷ. ವಾಣೀವಿಲಾಸ ಸನ್ನಿಧಾನವೆಂದು ಬಿರುದುಪಡೆದ ಆ ತಾಯಿಯೇ ಮಗನು ಪ್ರಾಪ್ತವಯಸ್ಕನಾಗುವವರೆಗೆ, 1895ರಿಂದ 1902ರ ವರೆಗೆ, ರಾಜಪ್ರತಿನಿಧಿಯಾಗಿ ಸಂಸ್ಥಾನವನ್ನು ಆಳಿದರು. ಪತಿವಿಯೋಗವಾಗಿ ಎರಡು ವರ್ಷ ಕಳೆದ ಬಳಿಕ, 1897ರ ಫೆಬ್ರವರಿಯಲ್ಲಿ, ಹಿರಿಯ ಮಗಳು ಜಯಲಕ್ಷಮ್ಮಣ್ಣಿಯವರ ವಿವಾಹ ನಡೆಯುತ್ತಿದ್ದಾಗ ಹಳೆಯ ಮರದ ಅರಮನೆಗೆ ಬೆಂಕಿ ಹತ್ತಿ ಬಹುಭಾಗವು ಸುಟ್ಟುಹೋಯಿತು. ಅದೇ ವರ್ಷ ಹೊಸ ಅರಮನೆಯ ಕೆಲಸವು ಮೊದಲಾಯಿತು, 1912ರಲ್ಲಿ ಪೂರ್ತಿಯಾಯಿತು. ತಗಲಿದ ವೆಚ್ಚ 41,47,913 ರೂಪಾಯಿ.

ತಾಯಿಯವರಿಗೆ ಈ ಕೊನೆಯ ಲೆಕ್ಕವು ಕೇಳಿಸಿದಂತೆ ತೋರಲಿಲ್ಲ. "ಗಂಡನಿಲ್ಲದೆ ಮಗಳ ಮದುವೆ ಮಾಡುವಾಗ ಮದುವೆಮನೆಗೇ ಬೆಂಕಿ ಬಿತ್ತೆ?" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಸ ಮನೆ ಏಳುವ ತನಕ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿದ್ದರು?" ಎಂದು ಕೇಳಿದರು.

ಹದಿನೆಂಟು ವರ್ಷದ ಪ್ರವಾಸಗಳಲ್ಲಿ ಯಾವ ವಿದ್ಯಾರ್ಥಿಯೂ ಈ ಪ್ರಶ್ನೆಯನ್ನು ಕೇಳಿರಲಿಲ್ಲ, ನಾವೂ ಕೇಳಿಕೊಂಡಿರಲಿಲ್ಲ. ಉತ್ತರವೇನೋ ಗೊತ್ತಿದ್ದಿತು. ಸಮೀಪದಲ್ಲಿಯೇ ಮುಮ್ಮಡಿಯವರು 1861ರಲ್ಲಿ ಕಟ್ಟಿಸಿದ್ದ ಜಗನ್ಮೋಹನ ಅರಮನೆಯಿದೆ, ಅಲ್ಲಿದ್ದರು, ಮಗನಿಗೆ 1902ರಲ್ಲಿ ರಾಜ್ಯಾಧಿಕಾರವನ್ನು ವಹಿಸಿಕೊಟ್ಟ ಸಮಾರಂಭವೂ ಅಲ್ಲಿಯೇ ನಡೆಯಿತು ಎಂದೆವು.

"ಹಾಗೋ. ನಾವು ಗೋದಾಮಿನಲ್ಲಿ ಇದ್ದೆವಲ್ಲ, ಹಾಗೆ" ಎಂದರು ತಾಯಿಯವರು.

ಈ ಮಾತಿನ ಅರ್ಥವನ್ನು ವಾಚಕರಿಗೆ ಬಿಡಿಸಿ ಹೇಳಬೇಕು. ನಮ್ಮ ತಂದೆಯವರು ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. 1978ರಲ್ಲಿ ಅವರು ತೀರಿಕೊಂಡಾಗ ತಾಯಿಯವರಿಗೆ ಮೂವತ್ತೆಂಟು ವರ್ಷ, ನಮಗೆ ಹದಿಮೂರು, ನಮ್ಮ ಬೆನ್ನಿಗೆ ಇಬ್ಬರು ತಂಗಿಯರು. ಮರುವರ್ಷದ ಆಷಾಢದ ಮಳೆಯಲ್ಲಿ ಮನೆಯ ಪಡುವಣ ಗೋಡೆಯು ರಾತ್ರಿ ಕುಸಿದುಬಿದ್ದು, ಮಾಡು ಜೋತುಬಿದ್ದಿತು. ನಾಲ್ಕು ತಿಂಗಳು ತೋಟದ ಗೋದಾಮಿನ ಒಂದು ಮೂಲೆಯಲ್ಲಿ, ಕಾಫಿ ಮೂಟೆಗಳ ಮಗ್ಗುಲಲ್ಲಿ, ಗೋಣಿಯ ತೆರೆ ಕಟ್ಟಿಕೊಂಡು ಇದ್ದೆವು. ಅದು ನಮಗೆ ಬಹಳ ನಾಚಿಕೆಯ ವಿಷಯವಾಗಿದ್ದಿತು. ಜೊತೆಯ ಹುಡುಗರಿಗೆ ಹೇಳಿರಲಿಲ್ಲ. ದೊಡ್ಡವರಾದ ಮೇಲೆ ನಮ್ಮ ಮಕ್ಕಳಿಗೂ ಹೇಳಿರಲಿಲ್ಲ. ದೀಪಾವಳಿಯ ಹೊತ್ತಿಗೆ ಗೋಡೆ ಎದ್ದಿತು, ಮನೆಗೆ ಹಿಂದಿರುಗಿದೆವು, ಓದು ಮುಂದುವರಿಯಿತು. ಆ ಗೋಡೆ ಹೇಗೆ ಎದ್ದಿತೆಂದು ನಾವು ಎಂದೂ ವಿಚಾರಿಸಲಿಲ್ಲ.

ಕಲ್ಯಾಣಮಂಟಪದ ಮೂಲೆಯಲ್ಲಿ ನಿಂತುಕೊಂಡು ಈಗ ವಿಚಾರಿಸಿದೆವು: "ಅಮ್ಮ, ನಮ್ಮ ಗೋಡೆಗೆ ಎಷ್ಟು ಹಣ ಹಿಡಿಯಿತು?"

"ಎರಡು ಬಳೆ. ಮೇಲೆ ನೂರಿಪ್ಪತ್ತು ರೂಪಾಯಿ ಸಾಲ. ಸಾಲ ಹಪ್ಪಳದಲ್ಲಿ ತೀರಿತು" ಎಂದರು. ಅಷ್ಟು ಸಣ್ಣ ಲೆಕ್ಕವನ್ನು ಈಗೇಕೆ ಕೇಳುವೆಯೆಂಬ ಆಶ್ಚರ್ಯ ಅವರ ಮುಖದಲ್ಲಿದ್ದಿತು.

ಅರಮನೆಯ ವೆಚ್ಚವನ್ನು ಕೊನೆಯ ರೂಪಾಯಿಯವರೆಗೆ ಬಲ್ಲ ನಮಗೆ, ನಾವು ಮಲಗಿ ಎದ್ದ ಮನೆಯ ಗೋಡೆಯ ಬೆಲೆ ಅರುವತ್ತನೆಯ ವಯಸ್ಸಿನಲ್ಲಿ ತಿಳಿಯಿತು. ಪಕ್ಕದಲ್ಲಿದ್ದ ಮಗಳು ಅಜ್ಜಿಯ ಬರಿಯ ಕೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು. ಗೋದಾಮಿನ ಕಥೆಯನ್ನು ಅವಳು ಕೇಳಿದುದು ಅದೇ ಮೊದಲು. ನಾವು ನಾಚಿಕೆಯೆಂದು ಮುಚ್ಚಿಟ್ಟಿದ್ದುದನ್ನು ಅವಳು ಹೆಮ್ಮೆಯಿಂದ ಕೇಳುತ್ತಿದ್ದಳು.

ಮಂಟಪದ ಸುತ್ತಿನ ಗೋಡೆಗಳ ಮೇಲೆ ದಸರಾ ಮೆರವಣಿಗೆಯನ್ನು ಚಿತ್ರಿಸಿದ 26 ವರ್ಣಚಿತ್ರಗಳಿವೆ. ಆನೆ, ಕುದುರೆ, ವಾದ್ಯಗಾರರು, ಸಿಪಾಯಿಗಳು, ಬೀದಿಯ ಇಕ್ಕೆಲಗಳಲ್ಲಿ ತುಂಬಿದ ಜನ. ನಾವು ಇನ್ನು ಪಾಠಹೇಳುವ ಸಾಹಸವನ್ನು ಮಾಡಲಿಲ್ಲ. ತಾಯಿಯವರು ಒಂದೊಂದರ ಮುಂದೆಯೂ ನಿಂತು, ಕನ್ನಡಕವನ್ನು ಏರಿಸಿ, ದೊರೆಯನ್ನು ಬಿಟ್ಟು ಜನದ ಗುಂಪನ್ನೇ ನೋಡುತ್ತ ಹೋದರು. ಏನು ಹುಡುಕುತ್ತಿರುವಿರೆಂದು ಕೇಳಿದಾಗ, "ಅಪ್ಪ ಇಲ್ಲೆಲ್ಲೋ ನಿಂತಿರಬೇಕು. ಕೆಂಪು ರುಮಾಲು ಸುತ್ತಿಕೊಂಡು ಹೋಗಿದ್ದರಂತೆ" ಎಂದರು. ಚಿತ್ರದಲ್ಲಿ ಕೆಂಪು ರುಮಾಲಿನವರಿಗೆ ಕೊರತೆಯಿರಲಿಲ್ಲ. ಕೊನೆಗೆ ಒಬ್ಬನನ್ನು ಆರಿಸಿಕೊಂಡು, "ಇವನೇ ಎಂದಿಟ್ಟುಕೊಳ್ಳೋಣ" ಎಂದು ಸಮಾಧಾನಪಟ್ಟುಕೊಂಡರು.

ದರ್ಬಾರು ಮಂಟಪಕ್ಕೆ ಮೆಟ್ಟಿಲುಗಳನ್ನು ಹತ್ತಬೇಕು. ನಾಲ್ಕು ಮೆಟ್ಟಿಲಿಗೊಮ್ಮೆ ನಿಂತು, ಅವಸರದವರಿಗೆ ದಾರಿಬಿಟ್ಟು, ಹದಿನೈದು ನಿಮಿಷದಲ್ಲಿ ಹತ್ತಿದೆವು. ಅಲ್ಲಿಯ ಕಂಬಗಳ ಸಾಲನ್ನೂ ಗಾಳಿಯನ್ನೂ ತಾಯಿಯವರು ಮೆಚ್ಚಿಕೊಂಡರು. ಚಾಮುಂಡಿ ಬೆಟ್ಟದ ದಿಕ್ಕಿಗೆ ತಿರುಗಿ ಕೈಮುಗಿದರು. ಅನಂತರ, "ಆ ತಾಯಿ ಮನೆಯನ್ನು ಮಾತ್ರ ಕಟ್ಟಿಸಿದರೋ, ಬೇರೆ ಏನಾದರೂ ಉಂಟೋ?" ಎಂದು ವಿಚಾರಿಸಿದರು. ಚಿತ್ರದುರ್ಗದ ಸೀಮೆಯಲ್ಲಿ ಹಿರಿಯೂರಿನ ಬಳಿಯ ಮಾರೀಕಣಿವೆಯ ಕಟ್ಟೆಯು ಅವರ ಆಡಳಿತದಲ್ಲಿ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದುದನ್ನೂ, ಅದಕ್ಕೆ ವಾಣೀವಿಲಾಸ ಸಾಗರವೆಂದು ಅವರ ಹೆಸರನ್ನೇ ಇಟ್ಟಿರುವುದನ್ನೂ ಹೇಳಿದೆವು. ಅಲ್ಲಿ ನಿಲ್ಲುವುದು ವೇದಾವತಿಯ ನೀರು. ವೇದಾವತಿಯು ಹುಟ್ಟುವುದು ನಮ್ಮ ಬಾಬಾಬುಡನ್ ಗಿರಿಗಳಲ್ಲಿ. "ನಮ್ಮ ಬೆಟ್ಟದ ನೀರನ್ನು ಒಣಸೀಮೆಯವರಿಗೆ ನಿಲ್ಲಿಸಿಕೊಟ್ಟರು ಅನ್ನು" ಎಂದು ತಾಯಿಯವರು ಆ ಚರಿತ್ರೆಯನ್ನು ತಮಗೆ ಬೇಕಾದಂತೆ ಸಂಗ್ರಹಿಸಿಕೊಂಡರು. ಮಗನಿಗೆ ರಾಜ್ಯವನ್ನು ಒಪ್ಪಿಸಿದ ಮೇಲೆ ಮೂವತ್ತೆರಡು ವರ್ಷ ಬದುಕಿದ್ದು 1934ರಲ್ಲಿ ಕಾಲವಾದರೆಂದು ಕೇಳಿ, "ಹಾಗಾದರೆ ಮನೆ ಮುಗಿದದ್ದನ್ನು ಕಣ್ಣಾರೆ ಕಂಡರು. ಪುಣ್ಯವಂತೆ" ಎಂದರು.

ಕಾಳಿದಾಸನ ರಘುವಂಶವು ಹೇಗೆ ಮುಗಿಯುವುದೆಂಬುದನ್ನು ಸಂಸ್ಕೃತ ಬಲ್ಲವರು ಅರಿತಿರುವರು. ದಿಲೀಪ, ರಘು, ರಾಮರಂತಹ ಚಕ್ರವರ್ತಿಗಳ ಕಾವ್ಯವು ಕೊನೆಯ ಸರ್ಗದಲ್ಲಿ ನಿಲ್ಲುವುದು ಗತಭರ್ತೃಕೆಯಾದ ಒಬ್ಬ ಗರ್ಭಿಣಿಯ ಹತ್ತಿರ. ಅಗ್ನಿವರ್ಣನು ಸತ್ತ ತರುವಾಯ ಅವನ ರಾಣಿಯು ಮಂತ್ರಿಗಳೊಡಗೂಡಿ, ಇನ್ನೂ ಹುಟ್ಟದ ಮಗನಿಗಾಗಿ, ರಾಜ್ಯವನ್ನು ಕಾಯುತ್ತಾಳೆ. ಕಾವ್ಯವು ಅಪೂರ್ಣವೆಂದು ಕೆಲವರ ಮತ. ನಾವೂ ಹಾಗೆಯೇ ಪಾಠಹೇಳಿದ್ದುಂಟು. ದರ್ಬಾರು ಮಂಟಪದ ಕಂಬವೊಂದರ ಪಕ್ಕದಲ್ಲಿ ತಾಯಿಯವರು ದಣಿವಾರಿಸಿಕೊಳ್ಳುತ್ತಿದ್ದುದನ್ನು ನೋಡುತ್ತ, ಕವಿಯು ಬೇಕೆಂದೇ ಅಲ್ಲಿಗೆ ನಿಲ್ಲಿಸಿದನೋ ಏನೋ ಎಂದು ನಮಗೆ ಮೊದಲ ಬಾರಿಗೆ ತೋರಿತು.

ಮಧ್ಯಾಹ್ನ ಬಂಧುಗಳ ಮನೆಯಲ್ಲಿ ಊಟ, ನಿದ್ರೆ. ಸಂಜೆ ಮತ್ತೆ ಅರಮನೆಯ ಬಯಲಿಗೆ ಬಂದು ಕುಳಿತೆವು. ಭಾನುವಾರಗಳಲ್ಲಿಯೂ ಹಬ್ಬದ ರಜಾದಿನಗಳಲ್ಲಿಯೂ ಸಂಜೆ ಏಳು ಘಂಟೆಗೆ ಅರಮನೆಗೆ ದೀಪ ಹಚ್ಚುವ ಪದ್ಧತಿಯುಂಟು. ಸುಮಾರು 97,000 ದೀಪಗಳು ಏಕಕಾಲದಲ್ಲಿ ಹತ್ತಿಕೊಂಡಾಗ ನೆರೆದ ಜನರೆಲ್ಲರ ಬಾಯಿಂದಲೂ ಒಂದೇ ಉದ್ಗಾರ ಹೊರಟಿತು. ತಾಯಿಯವರು ಏನೂ ಹೇಳದೆ ಕಣ್ಣೊರಸಿಕೊಂಡರು. ಅನಂತರ ಮೊಮ್ಮಗಳ ಕಿವಿಯಲ್ಲಿ, "ಇಷ್ಟನ್ನೂ ಆರಿಸುವವರು ಯಾರೇ?" ಎಂದು ಕೇಳಿ, ಒಂದೇ ಗುಂಡಿಯೆಂದು ತಿಳಿದು ನಿಶ್ಚಿಂತರಾದರು.

ವೃದ್ಧರಾದ ತಂದೆತಾಯಿಗಳನ್ನು ಕರೆದುಕೊಂಡು ಹೋಗತಕ್ಕ ಗೃಹಸ್ಥರಿಗೆ ನಮ್ಮ ಅನುಭವದಿಂದ ಎರಡು ಮಾತು. ಒಂದೇ ದಿನದಲ್ಲಿ ಊರಿನಿಂದ ಹೋಗಿ ಬರುವ ಹಟವನ್ನು ಬಿಡಬೇಕು. ಹಿಂದಿನ ದಿನವೇ ಹೋಗಿ ತಂಗಬೇಕು. ಬಾಗಿಲು ತೆರೆಯುವ ಹೊತ್ತಿಗೇ ಒಳಗಿರಬೇಕು; ಆಗ ನೂಕುನುಗ್ಗಲು ಕಡಮೆ, ಬರಿಗಾಲಿಗೆ ಬಯಲಿನ ಕಲ್ಲೂ ಸುಡುವುದಿಲ್ಲ. ಕಾಲುಚೀಲ, ಕುಡಿಯುವ ನೀರು, ಔಷಧಿ ಕೈಯಲ್ಲಿರಲಿ. ಅರಮನೆ, ಬೆಟ್ಟ, ಮೃಗಾಲಯ, ಬೃಂದಾವನವೆಂದು ನಾಲ್ಕನ್ನೂ ನೋಡುವ ಆತುರ ಬೇಡ. ಒಂದನ್ನು ನೋಡಿದರೆ ಸಾಕು. ಎಲ್ಲಕ್ಕಿಂತ ಮುಖ್ಯವಾಗಿ, ನಾವು ಮಾಡಿದಂತೆ ಪಾಠಹೇಳಲು ಹೋಗಬಾರದು. ಅವರು ಕೇಳುವ ಪ್ರಶ್ನೆಗಳಿಗೆ ಕಾದಿರಬೇಕು.

ಊರಿಗೆ ಬಂದ ಮೇಲೆ ನೆರೆಯ ಹೆಂಗಸರು ಅರಮನೆಯ ಸಮಾಚಾರವನ್ನು ಕೇಳಲು ಬಂದರು. ನಾವು ಒಳಮನೆಯಲ್ಲಿ ಕುಳಿತು ಆಲಿಸಿದೆವು. ಅಂಬಾರಿಯ ಚಿನ್ನವೂ ಗೋಪುರದ ಎತ್ತರವೂ ಆ ವರ್ಣನೆಯಲ್ಲಿ ಬರಲೇ ಇಲ್ಲ. "ಗಂಡ ಸತ್ತು, ಮನೆ ಸುಟ್ಟು, ಮಗ ಚಿಕ್ಕವನಾಗಿದ್ದಾಗ ಒಬ್ಬ ಹೆಂಗಸು ಕಟ್ಟಿಸಿದ ಮನೆ ಅದು. ಬಹಳ ಗಟ್ಟಿಯಾಗಿದೆ" ಎಂದು ತಾಯಿಯವರು ಹೇಳುತ್ತಿದ್ದರು. ಹೇಳುತ್ತ ಒರಗಿಕೊಂಡಿದ್ದುದು ಪಡುವಣ ಗೋಡೆಗೆ.

ಬಾವಿಯ ನೀರಿನ ವಿಷಯ ಮುಂದಿನ ತಿಂಗಳು.